ಚಕ್ರ ಇರುವ ಕೀಬೋರ್ಡನ್ನೇ ತಗೋ: ಹಾರ್ಮೋನಿಯಂ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಂಪ್ಯೂಟರ್ ಸಂಗೀತಕ್ಕೆ ಯಾವ ಕೀಬೋರ್ಡ್ ತಗೊಳ್ಳಲಿ ಅಂತ ಕೇಳಿದ್ದೀಯ. 25 ಕೀಗಳ ಯುಎಸ್‌ಬಿ ಮಿಡಿ ಕೀಬೋರ್ಡ್ ಸಾಕು. ಆದರೆ ಪಿಚ್ ಬೆಂಡ್‌ಗೆ, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸೋದಕ್ಕೆ, ತಿರುಗಿಸುವ ಚಕ್ರ ಇರಲಿ, ಬರೀ ಗುಂಡಿ ಇರೋದು ಬೇಡ. ತಂದು ಜೋಡಿಸಿದ ಮೇಲೆ ಅದರಿಂದ ಸದ್ದೇ ಬರಲ್ಲ ಅಂತ ಗಾಬರಿಯಾಗಬೇಡ. ಯಾವ ಕೀ, ಎಷ್ಟು ಬಿರುಸಾಗಿ ಒತ್ತಿದೆ ಅನ್ನೋ ಸುದ್ದಿ ಕಳಿಸೋದಷ್ಟೇ ಅದರ ಕೆಲಸ. ದನಿ ಹುಟ್ಟೋದು ಕಂಪ್ಯೂಟರಿನೊಳಗೆ. ರೆಕಾರ್ಡಿಂಗಿಗೆ ರೀಪರ್ ಅನ್ನೋ ತಂತ್ರಾಂಶ ಹಾಕ್ಕೋ, 60 ದಿನ ಪುಕ್ಕಟೆ ನೋಡಬಹುದು. ದನಿಗೆ ಸರ್ಜ್ ಎಕ್ಸ್‌ಟಿ ಅನ್ನೋ ಪ್ಲಗಿನ್ (ರೀಪರ್ ಒಳಗೆ ಕೂತು ದನಿ ಹುಟ್ಟಿಸೋ ತಂತ್ರಾಂಶ), ಅದು ಪೂರ್ತಿ ಪುಕ್ಕಟೆ. ಸದ್ಯಕ್ಕೆ ಬೇರೆ ಪ್ಲಗಿನ್ ಇಳಿಸಿಕೊಳ್ಳಬೇಡ. ನೂರು ಪ್ಲಗಿನ್ ಗುಡ್ಡೆ ಹಾಕಿಕೊಂಡವರು ಅವುಗಳಲ್ಲಿ ಮೊದಲೇ ಮಾಡಿಟ್ಟ ದನಿಗಳನ್ನು (ಪ್ರಿಸೆಟ್) ಕೇಳ್ತಾ ಕೇಳ್ತಾನೇ ಭಾನುವಾರ ಕಳೀತಾರೆ.

ಮೊದಲ ಕಾಟ ತಡದ್ದು. ಕೀ ಒತ್ತಿದ ಮೇಲೆ ದನಿ ನಿಧಾನಕ್ಕೆ ಬಂದರೆ ತಾಳ ಕೈತಪ್ಪುತ್ತೆ. ವಿಂಡೋಸ್ ಆದರೆ ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಸೌಂಡ್ ಪೆಟ್ಟಿಗೆ) ಸ್ವಂತ ಎಎಸ್‌ಐಒ ಡ್ರೈವರ್ (ತಡ ಕಡಿಮೆ ಮಾಡೋ ತಂತ್ರಾಂಶ) ಹಾಕು. ಇಂಟರ್‌ಫೇಸ್ ಇನ್ನೂ ಕೊಂಡಿಲ್ಲದಿದ್ದರೆ ಎಎಸ್‌ಐಒ4ಆಲ್ ಅನ್ನೋ ಡ್ರೈವರ್. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಲೆಕ್ಕ ಹಾಕೋ ದನಿಯ ತುಣುಕು) ಅಂದರೆ ಸುಮಾರು 2.7 ಮಿಲಿಸೆಕೆಂಡ್. ಡ್ರೈವರ್ ತನ್ನ ಪಾಲು ಸೇರಿಸಿದರೂ ನುಡಿಸೋದಕ್ಕೆ ಅಡ್ಡಿಯಿಲ್ಲ. ಚಟಪಟ ಸದ್ದು ಬಂದರೆ ಪ್ರೊಸೆಸರ್ ಹೊತ್ತಿಗೆ ಸರಿಯಾಗಿ ಲೆಕ್ಕ ಮುಗಿಸ್ತಿಲ್ಲ ಅಂತ. ಪವರ್ ಸೇವರ್ ತೆಗಿ, ಆಗಲೂ ನಿಲ್ಲದಿದ್ದರೆ ಬಫರ್ 256 ಮಾಡು. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಸಾಮಾನ್ಯವಾಗಿ ಅದೊಂದೇ 100 ಮಿಲಿಸೆಕೆಂಡಿಗಿಂತ ಹೆಚ್ಚು ನುಂಗುತ್ತೆ.

ಇನ್ನು ಚಕ್ರದ ವಿಷಯ. ತೋಡಿ ರಾಗದ ಗಾಂಧಾರವನ್ನೇ ತಗೋ. ಹಾರ್ಮೋನಿಯಂನಲ್ಲಿ ಒತ್ತಿ ಹಿಡಿದ ಹಾಗೆ ಹಿಡಿದರೆ ಅದು ತೋಡಿ ಆಗಲ್ಲ. ರಿಷಭದ ಹತ್ತಿರದಿಂದ ಮಧ್ಯಮದ ಹತ್ತಿರದವರೆಗೆ ತೂಗಬೇಕು. ಕರಿ-ಬಿಳಿ ಸೇರಿಸಿ ಎಣಿಸು: ಶುದ್ಧ ರಿಷಭ ಎರಡು ಕೀ ಕೆಳಗೆ, ಶುದ್ಧ ಮಧ್ಯಮ ಎರಡು ಕೀ ಮೇಲೆ. ಪಿಚ್ ಬೆಂಡ್‌ನ ಮಾಮೂಲಿ ವ್ಯಾಪ್ತಿಯೂ ಅಷ್ಟೇ, ಕೆಳಕ್ಕೆ ಎರಡು, ಮೇಲಕ್ಕೆ ಎರಡು! ತೋಡಿಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ.

ಸರ್ಜ್‌ನಲ್ಲಿ ಒಂದೇ ಒಂದು ಸಾಟೂತ್ ಆಸಿಲೇಟರ್ (ಗರಗಸದ ಹಲ್ಲಿನಂಥ ಅಲೆ ಹುಟ್ಟಿಸೋದು) ಇಟ್ಕೋ. ಲೋ-ಪಾಸ್ ಫಿಲ್ಟರ್ (ಮೇಲಿನ ಚೂಪು ದನಿ ತಗ್ಗಿಸೋ ಜರಡಿ) 1,000 ಹರ್ಟ್ಸ್ ಆಸುಪಾಸು, ಅಟ್ಯಾಕ್ (ದನಿ ಏರೋ ಹೊತ್ತು) 50 ಮಿಲಿಸೆಕೆಂಡ್, ಸಸ್ಟೇನ್ (ಕೀ ಹಿಡಿದಷ್ಟು ಹೊತ್ತು ಉಳಿಯೋ ದನಿಯ ಮಟ್ಟ) ಪೂರ್ತಿ, ಪ್ಲೇ ಮೋಡ್ ಮೋನೋ (ಒಮ್ಮೆಗೆ ಒಂದೇ ಸ್ವರ). ಜಾರು ಬೇಕಾದರೆ ಪೋರ್ಟಮೆಂಟೋ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಹೊತ್ತು) 80 ಮಿಲಿಸೆಕೆಂಡ್. ಬಲಗೈ ಗಾಂಧಾರದ ಮೇಲೆ, ಎಡಗೈ ಚಕ್ರದ ಮೇಲೆ. ಚಕ್ರವನ್ನು ಮಧ್ಯಕ್ಕೆ ನೀನೇ ತರಬೇಕು. ಬೆರಳು ಎತ್ತಿದರೆ ಸ್ಪ್ರಿಂಗ್ ಪಟ್ಟನೆ ಎಳೆದು, ಆ ಎಳೆತ ದನಿಯಲ್ಲಿ ಕೇಳಿಸುತ್ತೆ.

ಶ್ರುತಿಗೆ ಬೇರೆ ಟ್ರ್ಯಾಕ್ ಮಾಡು. ಬೆಂಡ್ ಹೋಗೋದು ಒಂದು ಸ್ವರಕ್ಕಲ್ಲ, ಇಡೀ ಚಾನೆಲ್‌ಗೆ, ಅಂದರೆ ಅದರಲ್ಲಿ ನುಡೀತಿರೋ ಎಲ್ಲ ಸ್ವರಕ್ಕೂ. ಮೋನೋ ತೆಗೆದು ಎರಡನ್ನೂ ಒಂದೇ ಟ್ರ್ಯಾಕಿನಲ್ಲಿ ನುಡಿಸಿದೆಯೋ, ಗಾಂಧಾರದ ಜೊತೆ ಷಡ್ಜವೂ ಕುಡಿದವರ ಹಾಗೆ ತೂರಾಡುತ್ತೆ.

ರಾಗಕ್ಕೆ ಕ್ವಾಂಟೈಸ್ (ನುಡಿಸಿದ ಸ್ವರಗಳನ್ನು ತಾಳದ ಗೆರೆಗೆ ತಾನಾಗಿ ಸರಿಸೋದು) ಮಾಡಬೇಡ. ಸ್ವರ ಸರಿದು ಬೆಂಡ್ ಹಳೇ ಜಾಗದಲ್ಲೇ ಉಳಿದರೆ ಗಮಕ ಪಕ್ಕದ ಸ್ವರಕ್ಕೆ ಅಂಟಿಕೊಳ್ಳುತ್ತೆ. ತಪ್ಪಿದ ಕಡೆ ಮತ್ತೆ ನುಡಿಸು. ತಾಳದ ಟ್ರ್ಯಾಕಿಗೆ ಬೇಕಾದರೆ ಮಾಡು, ಅದೂ ಶೇಕಡಾ 60ರಷ್ಟು.

ಮಾಸ್ಟರ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡ್ಕೊಂಡು 24 ಬಿಟ್ ವೇವ್ ಫೈಲ್ ಕಳಿಸು. ಆದಿತಾಳದ ನಾಲ್ಕು ಆವರ್ತ ಸಾಕು, ಶ್ರುತಿ ಟ್ರ್ಯಾಕ್ ಬೇರೆಯೇ ಇರಲಿ.

ಇತಿ ನಿನ್ನವ