ಏಪ್ರಿಲ್ ತಿಂಗಳ ಕೌದಿ

ನವನಗರ, ಬಾಗಲಕೋಟೆ

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ನಾವು ಕ್ಷೇಮ.

ಮೊನ್ನೆ ನಿಮ್ಮ ಅವ್ವ ಬೆಳಗಾವಿಯಿಂದ ಫೋನ್ ಮಾಡಿದ್ದಳು. ನಿನ್ನ ಹೆಂಡತಿ ಐದು ತಿಂಗಳ ಕೂಸಿನ ಜೊತೆ ತವರಿನಿಂದ ಬಂದು ಮೂರು ವಾರ ಆಯ್ತು, ಒಂದು ದಿನ ನಕ್ಕಿಲ್ಲ ಅಂದಳು. ಹಗಲೆಲ್ಲ ಮಲಗುತ್ತಾಳಂತೆ. ಕೂಸು ಅತ್ತರೂ ಏಳಲಿಕ್ಕೆ ಹೊತ್ತು ಹಿಡಿಯುತ್ತದಂತೆ. ಏನಾಯ್ತು ಅಂದರೆ ಕಣ್ಣಲ್ಲಿ ನೀರು. "ತವರಿನವರು ಕೂಡಿಸಿ ಉಣಿಸಿ ಮೈಗಳ್ಳಿ ಮಾಡಿ ಕಳಿಸ್ಯಾರ" ಅನ್ನುವುದು ನಿಮ್ಮ ಅವ್ವನ ತೀರ್ಪು. ನೀನೇನಂದೆ ಅಂತ ಕೇಳಿದೆ. "ಮನಸ್ಸು ಗಟ್ಟಿ ಮಾಡ್ಕೋ ಅಂತ ಹೇಳ್ಯಾನ" ಅಂದಳು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ "ಹೂಂ ಮಾಮಾ" ಅಂದು ಇಟ್ಟುಬಿಡುತ್ತೀ.

ಅದೇ ಮಾತನ್ನು ನಾನು ನಿನ್ನ ಮಾಮಿಗೆ ಒಂದು ವರ್ಷ ಹೇಳಿದ್ದೇನಪ್ಪ.

ಆಗ ಹಳೇ ಊರು ಬಿಟ್ಟು ನವನಗರಕ್ಕೆ ಬಂದ ಹೊಸದು. ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿತ್ತು. ಓಣಿಯ ಹೆಂಗಸರೆಲ್ಲ ಹಳೇ ಕಟ್ಟೆ, ಹಳೇ ಅಂಗಳ ನೆನೆದು ಅಳುತ್ತಿದ್ದರು. ಇವಳೂ ಅತ್ತಳು. ಮಂದಿಯ ಅಳು ಆರು ತಿಂಗಳಿಗೆ ನಿಂತಿತು, ಇವಳದು ನಿಲ್ಲಲಿಲ್ಲ. ಎಲ್ಲಾ ಮುಳುಗಡೆಯ ಸಂಕಟ ಅಂತ ನಾವು ಸುಮ್ಮನಾದೆವು.

ಆಮೇಲೆ ಏಪ್ರಿಲ್ ಬಂತು. ಇಲ್ಲಿಯ ಬೇಸಿಗೆ ನಿನಗೆ ಗೊತ್ತಲ್ಲ, ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ನಾನು ಮಾಳಿಗೆಗೆ ನೀರು ಚಿಮುಕಿಸಿ ಮೇಲೆ ಮಲಗುತ್ತಿದ್ದೆ. ಆಕೆ ಒಳಗೆ ಕೌದಿ ಹೊದ್ದು ಮಲಗುತ್ತಿದ್ದಳು. ಫ್ಯಾನ್ ಹಾಕಿದರೆ ಬೈಯುತ್ತಿದ್ದಳು. ದನಿ ಗೊಗ್ಗರಾಗಿತ್ತು. ಬಾಚಣಿಗೆ ತುಂಬ ಕೂದಲು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ನಾನಾದರೋ ಔಷಧ ಅಂಗಡಿಯವನು. ನೂರು ಗುಳಿಗೆಯ ಥೈರಾಯ್ಡ್ ಬಾಟಲಿ ಕೈಗೆ ಸಿಗುವ ಕಪಾಟಿನಲ್ಲೇ ಇರುತ್ತಿತ್ತು, ದಿನಾ ಯಾರಿಗಾದರೂ ಕೊಡುತ್ತಿದ್ದೆ. ಹೆಂಡತಿಗೆ ಕೊಟ್ಟದ್ದು ಬಿ ಕಾಂಪ್ಲೆಕ್ಸ್ ಟಾನಿಕ್. ಆಮೇಲೆ, ಹೇಳಲಿಕ್ಕೆ ನಾಚಿಕೆ, ಯಾವ ಡಾಕ್ಟರ ಚೀಟಿಯೂ ಇಲ್ಲದೆ ನಿದ್ದೆ ಗುಳಿಗೆ.

ಕೊನೆಗೆ ಮಲಬದ್ಧತೆ ಅಂತ ಒಬ್ಬ ಹಿರಿಯ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಮುಟ್ಟುವ ಮೊದಲು ಮುಖ ನೋಡಿದರು. ಹುಬ್ಬಿನ ಹೊರತುದಿ ಉದುರಿತ್ತು. ದಿನಾ ನೋಡುವ ಮುಖ, ನನಗೆ ಕಂಡೇ ಇರಲಿಲ್ಲ. ಆಕೆಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲ್ಗಡೆ ರಬ್ಬರ್ ಸುತ್ತಿಗೆಯಿಂದ ಬಡಿದರು. ಪಾದ ಜಿಗಿಯಿತು, ಆದರೆ ವಾಪಸ್ ಬರುವಾಗ ಕೆಸರಿನಲ್ಲಿ ಸಿಕ್ಕ ಹಾಗೆ ನಿಧಾನ. "ನೋಡ್ರಿ" ಅಂದರು ನನಗೆ. ರಕ್ತದ ರಿಪೋರ್ಟಿನಲ್ಲಿ ಟಿಎಸ್‌ಎಚ್ 84 ಇತ್ತು. ಇರಬೇಕಾದ್ದು ಹೆಚ್ಚುಕಡಿಮೆ 0.4ರಿಂದ 4.

ಟಿಎಸ್‌ಎಚ್ ಅಂದರೆ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕುತ್ತಿಗೆಯ ಥೈರಾಯ್ಡಿಗೆ ಹಾಕುವ ಕೂಗು. ಮಗ ಕೆಲಸ ಮಾಡದಿದ್ದರೆ ಅಪ್ಪನ ದನಿ ಏರುತ್ತದಲ್ಲ, ಹಾಗೆ. ಥೈರಾಯ್ಡ್ ರಸ ಕಡಿಮೆಯಾದರೆ ಕರುಳು, ಚರ್ಮ, ಹೃದಯದ ಜೊತೆ ಮೆದುಳೂ ನಿಧಾನವಾಗುತ್ತದೆ. ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಸಿಟ್ಟು. ಆಮೇಲೆ ಒಂದು ವಿಷಯ ಓದಿ ದಂಗಾದೆ. ರಿಚರ್ಡ್ ಆಷರ್ ಅನ್ನುವ ಇಂಗ್ಲಿಷ್ ಡಾಕ್ಟರು 1949ರಲ್ಲೇ ಇಂಥ 14 ರೋಗಿಗಳ ಬಗ್ಗೆ ಬರೆದಿದ್ದರು. ಹುಚ್ಚು ಹಿಡಿದಿದೆ ಅಂತ ತಿಳಿದವರಿಗೆ ಥೈರಾಯ್ಡ್ ಔಷಧ ಕೊಟ್ಟರೆ, ಹೆಚ್ಚಿನವರು ಗುಣವಾದರು.

ನಿನ್ನ ಮಾಮಿಗೆ ಗುಳಿಗೆ ಶುರುವಾಗಿ ಎರಡು ತಿಂಗಳಿಗೆ, ಸಂತೆಯಲ್ಲಿ ಮೆಂತ್ಯೆ ಪಲ್ಲೆಯವಳ ಜೊತೆ ಜಗಳ ತೆಗೆದಳು. ಎರಡು ರೂಪಾಯಿ ಸಿವುಡಿಗೆ. ನಾನು ಚೀಲ ಹಿಡಿದು ನಿಂತು ಖುಷಿಪಟ್ಟೆ.

ಈಗ ನಿಮ್ಮ ಮನೆಯ ವಿಷಯ. ಬಸುರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಎಷ್ಟೋ ಪಟ್ಟು ಏರಿರುತ್ತವೆ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಧೊಪ್ಪನೆ ಇಳಿಯುತ್ತವೆ. ಅದಕ್ಕೇ ಹೆರಿಗೆಯಾದ ನಾಲ್ಕೈದನೇ ದಿನ ಬಾಣಂತಿ ಕಾರಣವಿಲ್ಲದೆ ಅಳುತ್ತಾಳೆ. ಎರಡು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ ಅದು ಕಾಯಿಲೆ, ತೋರಿಸಬೇಕು. ಇನ್ನು ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು ಬೇರೆ. ದಿನಗಟ್ಟಲೆ ನಿದ್ದೆ ಇಲ್ಲದೆ ಏನೇನೋ ಕೇಳಿಸುವುದು, ಮನೆಯವರ ಮೇಲೇ ಸಂಶಯ. ಅದಾದರೆ ದೇವರು ದಿಂಡರು ಅಂತ ಅಡ್ಡಾಡದೆ ಅದೇ ದಿನ ಆಸ್ಪತ್ರೆ.

ನಿನ್ನ ಹೆಂಡತಿಯದು ಕೇಳಿ ನನಗೆ ಇನ್ನೊಂದು ಅನುಮಾನ. ಎರಡನೇ ತಿಂಗಳಲ್ಲಿ ಅವಳಿಗೆ ಎದೆ ಹಾರುತ್ತಿತ್ತು, ಕೂಸು ಮಲಗಿದರೂ ತನಗೆ ನಿದ್ದೆ ಬರುತ್ತಿರಲಿಲ್ಲ ಅಂತ ಬೀಗಿತ್ತಿ ಹೇಳಿದ್ದರಂತೆ. ಈಗ ನೋಡಿದರೆ ಬರೀ ದಣಿವು, ಮಂಕು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಬಾವು ಬರುತ್ತದೆ. ಮೊದಲು ಕೂಡಿಟ್ಟ ರಸ ಸೋರಿ ಜಾಸ್ತಿಯಾಗುತ್ತದೆ. ನಾಲ್ಕು ತಿಂಗಳಾದ ಮೇಲೆ ಕಣಜ ಖಾಲಿ. ಬಹಳ ಮಂದಿಗೆ ವರ್ಷ, ಒಂದೂವರೆ ವರ್ಷಕ್ಕೆ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಇದೇ ಇರಬೇಕು ಅಂತ ನಾನು ಹೇಳುವುದಿಲ್ಲ. ನಾನು ಡಾಕ್ಟರಲ್ಲ. ಆದರೆ ಟಿಎಸ್‌ಎಚ್, ಥೈರಾಯ್ಡ್ ರಸವಾದ ಟಿ4, ಹಿಮೋಗ್ಲೋಬಿನ್ ಮೂರನ್ನೂ ನೋಡಿಸದೆ ಯಾರೂ ಅವಳನ್ನು ಮೈಗಳ್ಳಿ ಅನ್ನಬಾರದು.

ಅಂಗಡಿಯವನ ಬುದ್ಧಿ, ಒಂದೆರಡು ಮಾತು ಹೇಳಿಬಿಡುತ್ತೇನೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಗುಳಿಗೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲು ನಿಲ್ಲಿಸಲಿ, ಅದು ರಿಪೋರ್ಟನ್ನೇ ದಾರಿ ತಪ್ಪಿಸುತ್ತದೆ. ಥೈರಾಯ್ಡ್ ಗುಳಿಗೆ ಬರೆದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಚಹಾ ಅರ್ಧ ಗಂಟೆಯಾದರೂ ಬಿಟ್ಟು. ಬಾಣಂತಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ನಾಲ್ಕು ಗಂಟೆ ಆದಮೇಲೆ. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲಾ ಒಟ್ಟಿಗೆ ನುಂಗಿ "ಗುಳಿಗೆ ಹತ್ತಲಿಲ್ಲ" ಅಂತ ಬರುತ್ತಾರೆ. ಎಂಟು ದಿನಕ್ಕೇ ಗುಣ ಕಾಣಲಿಲ್ಲ ಅಂತ ಬಿಡಬೇಡಿ. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ನೋಡಿ ಡೋಸ್ ತಿದ್ದುತ್ತಾರೆ. ಕೂಸಿಗೆ ಹಾಲು ಕುಡಿಸಲಿಕ್ಕೆ ಅಡ್ಡಿ ಇಲ್ಲ.

ರಿಪೋರ್ಟ್ ನಾರ್ಮಲ್ ಬಂತು ಅಂತಿಟ್ಟುಕೋ. ಆಗ "ನೋಡು, ಏನೂ ಇಲ್ಲ" ಅಂದುಬಿಟ್ಟೀಯ ಜೋಕೆ! ನಾನು ಹೆದರುವುದು ಇದಕ್ಕೇ. ರಕ್ತದಲ್ಲಿ ಸಿಗದ ದುಃಖವೂ ದುಃಖವೇ. ಹಾರ್ಮೋನ್ ಏರಿಳಿತಕ್ಕೆ ಒಬ್ಬಳು ತಡೆಯುತ್ತಾಳೆ, ಇನ್ನೊಬ್ಬಳ ಮೆದುಳು ಅಲ್ಲಾಡಿಹೋಗುತ್ತದೆ, ಅಳತೆಯಲ್ಲಿ ಇಬ್ಬರದೂ ಒಂದೇ ಇರಬಹುದು. ಅದರ ಮೇಲೆ ನಿದ್ದೆಗೇಡು, ಮಂದಿಯ ಮಾತು. ಆಗ ಮನೋವೈದ್ಯರಿಗೆ ತೋರಿಸು. ಹಾಲುಣಿಸುವ ತಾಯಂದಿರಿಗೆ ಕೊಡುವಂಥ ಗುಳಿಗೆಗಳಿವೆ. ಧಾರವಾಡದ ಡಿಮ್ಹಾನ್ಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯದ ಆಸ್ಪತ್ರೆ, ನಿಮಗೆ ಎರಡು ತಾಸಿನ ದಾರಿಯೂ ಅಲ್ಲ. ಹೋಗಲಿಕ್ಕೆ ಸಂಕೋಚವಾದರೆ 14416ಕ್ಕೆ ಫೋನ್ ಮಾಡು, ಮನಸ್ಸಿನ ಕಾಯಿಲೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಅಥವಾ ಕೂಸಿಗೆ ಏನಾದರೂ ಮಾಡಿಬಿಡುವ ಮಾತು ಅವಳ ಬಾಯಲ್ಲಿ ಬಂದರೆ ಒಬ್ಬಳನ್ನೇ ಬಿಡಬೇಡ. ಆಗ ಫೋನೂ ಬೇಡ, ಪತ್ರವೂ ಬೇಡ, ನೇರ ಆಸ್ಪತ್ರೆ.

ನಿಮ್ಮ ಅವ್ವನನ್ನು ನನಗೆ ಬಿಡು. ತಂಗಿ ಆಕೆ, ನನ್ನ ಮಾತು ಕೇಳುತ್ತಾಳೆ. ಕೇಳದಿದ್ದರೆ ನಿನ್ನ ಮಾಮಿ ಬಂದು ಕೂರುತ್ತಾಳೆ. ನೀನು ರಾತ್ರಿ ಒಂದು ಸಲ ಕೂಸಿಗೆ ಏಳು. ಬಟ್ಟೆ ಬದಲಿಸಲಿಕ್ಕೆ ಇಂಜಿನಿಯರಿಂಗ್ ಡಿಗ್ರಿ ಏನೂ ಅಡ್ಡ ಬರುವುದಿಲ್ಲ.

ಮಾಮಿ ಇದನ್ನು ಓದಿ, ಸಿವುಡಿ ಎರಡು ರೂಪಾಯಿ ಅಲ್ಲ, ಮೂರು ರೂಪಾಯಿ ಅಂತ ತಿದ್ದಲಿಕ್ಕೆ ಹೇಳಿದಳು. ಇನ್ನೊಂದು ಕೇಳು ಅಂದಳು: "ಆ ಹುಡುಗಿಗೆ ಚಳಿ ಆಗ್ತದೇನು?" ಅವಳನ್ನೇ ಕೇಳಿ ನೋಡು. ಸೋಮವಾರ ರಕ್ತ ಕೊಡಿಸಿ ರಿಪೋರ್ಟಿನ ಫೋಟೋ ಕಳಿಸು. ಹತ್ತು ಗಂಟೆ ತನಕ ಎಚ್ಚರ ಇರುತ್ತೇನೆ.

ಇಂತಿ,
ನಿನ್ನ ಮಾಮಾ