ಕರ್ನಲ್ ಅಪ್‌ಡೇಟ್ ಆದರೆ ಸ್ಕ್ರೀನ್ ಕಪ್ಪಾಗುವುದೇಕೆ?

ಮಾನ್ಯರೇ,

ಕೇರಳದ ಶಾಲೆಗಳಲ್ಲಿ ನಡೆಯುವುದು ಕೈಟ್‌ನ (ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟು ಆಧಾರಿತ ಲಿನಕ್ಸ್. ಮಕ್ಕಳ ಪಾಠಕ್ಕೆಂದು ಮನೆಯ ಹಳೆ ಕಂಪ್ಯೂಟರಿಗೂ ಲಿನಕ್ಸ್ ಹಾಕಿಸುವವರು ಕುಂಬಳೆ, ಬದಿಯಡ್ಕ ಕಡೆ ಬೇಕಾದಷ್ಟಿದ್ದಾರೆ. ಅದರಲ್ಲಿ ಎನ್‌ವಿಡಿಯಾದ ಹಳೆ ಗ್ರಾಫಿಕ್ಸ್ ಕಾರ್ಡಿದ್ದರೆ ಕರ್ನಲ್ (ಲಿನಕ್ಸಿನ ತಿರುಳಾದ ಪ್ರೋಗ್ರಾಂ) ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕಪ್ಪಾಗುವುದುಂಟು. ‘ಡ್ರೈವರ್‌ಗಳಿಗೆ (ಕಾರ್ಡಿನಂಥ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳು) ಕರ್ನಲ್ ಎಂದೂ ಬದಲಾಗದ ಒಂದೇ ರೀತಿಯ ಇಂಟರ್‌ಫೇಸ್, ಅಂದರೆ ಸಂಪರ್ಕದ ವಿಧಾನ, ಕೊಡಬಾರದೇ’ ಎಂದು ಕೇಳುವವರು ಒಂದು ವಿಷಯ ಗಮನಿಸಬೇಕು.

ಅಪ್ಲಿಕೇಶನ್‌ಗಳ ಜೊತೆಗಿನ ಇಂಟರ್‌ಫೇಸನ್ನು ಲಿನಕ್ಸ್ ಕೆಡಿಸುವುದಿಲ್ಲ. ಬದಲಾಗುವುದು ಕರ್ನಲ್ ಒಳಗಿನದು. ಉದಾಹರಣೆಗೆ, 2020ರಲ್ಲಿ ಬಂದ ಕರ್ನಲ್ 5.6ರಲ್ಲಿ ‘ಐಒರಿಮ್ಯಾಪ್_ನೋಕ್ಯಾಶ್’ ಎಂಬ ಫಂಕ್ಷನ್ ತೆಗೆದರು. ಅದರ ಕೆಲಸವನ್ನೇ ‘ಐಒರಿಮ್ಯಾಪ್’ ಮಾಡುತ್ತಿತ್ತು. ಕರ್ನಲ್ ಒಳಗಿದ್ದ ಡ್ರೈವರ್‌ಗಳನ್ನೆಲ್ಲ ಕರ್ನಲ್ ಬರೆಯುವವರೇ ತಿದ್ದಿದರು. ಹೊರಗಿದ್ದ, ಜೀಫೋರ್ಸ್ 210 ಎಂಬ ಹಳೆ ಕಾರ್ಡಿಗೆ ಬೇಕಾದ ಎನ್‌ವಿಡಿಯಾ 340 ಡ್ರೈವರ್ ಮಾತ್ರ ಹೊಸ ಕರ್ನಲ್‌ಗೆ ಕಂಪೈಲ್ (ಸೋರ್ಸ್‌ನಿಂದ ತಯಾರು) ಆಗದೆ ನಿಂತಿತು. ಕಂಪನಿ 2019ರ ಕೊನೆಗೇ ಅದರ ಕೈಬಿಟ್ಟಿತ್ತು, ತಿದ್ದುವವರಾರು? ಹಳೆಯದನ್ನೆಲ್ಲ ಹಾಗೇ ಉಳಿಸಿಕೊಳ್ಳಿ ಎಂದರೆ ಅದರ ದೋಷಗಳನ್ನೂ ಸಾಕಬೇಕಾಗುತ್ತದೆ. ವಿಂಡೋಸ್ ಕೂಡ ಎಕ್ಸ್‌ಪಿ ಕಾಲದ ಡಿಸ್‌ಪ್ಲೇ ಡ್ರೈವರ್‌ಗಳನ್ನು 8ರಲ್ಲಿ ಕೈಬಿಟ್ಟಿತಲ್ಲ!

ಕಪ್ಪಾದರೆ ಫಾರ್ಮ್ಯಾಟ್ ಮಾಡಿಸಬೇಡಿ. ಆನ್ ಮಾಡುವಾಗ ಶಿಫ್ಟ್ (ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆಯಾದರೆ ಎಸ್ಕೇಪ್) ಒತ್ತಿ, ಗ್ರಬ್ ಎಂಬ ಬೂಟ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆ ಕರ್ನಲ್ ಆರಿಸಿ. ಒಳಹೋದ ಮೇಲೆ ಟರ್ಮಿನಲ್‌ನಲ್ಲಿ ‘ಡಿಕೆಎಂಎಸ್ ಸ್ಟೇಟಸ್’ (dkms status) ಕೊಡಿ. ಪ್ರತಿ ಕರ್ನಲ್‌ಗೂ ಹೊರಗಿನ ಡ್ರೈವರ್ ತಯಾರಿಸುವುದು ಡಿಕೆಎಂಎಸ್. ಹೊಸ ಕರ್ನಲ್‌ನ ನಂಬರಿನೆದುರು ‘ಇನ್‌ಸ್ಟಾಲ್ಡ್’ ಎಂದಿಲ್ಲದಿದ್ದರೆ ಡ್ರೈವರಿನ ಮಾಡ್ಯೂಲ್ (ಕರ್ನಲ್‌ಗೆ ಸೇರುವ ಭಾಗ) ತಯಾರಾಗಿಲ್ಲವೆಂದರ್ಥ. ಕೆಲವು ಸಲ ಅದಕ್ಕೆ ಬೇಕಾದ ಆ ಕರ್ನಲ್‌ನ ಹೆಡರ್ ಪ್ಯಾಕೇಜೇ ಇರುವುದಿಲ್ಲ, ಆಗ ಅದನ್ನು ಹಾಕಿದರೆ ಸರಿಯಾಗಬಹುದು. ‘ಇನ್‌ಸ್ಟಾಲ್ಡ್’ ಎಂದಿದ್ದೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಮಾಡ್ಯೂಲ್‌ಗಳನ್ನು ತಡೆಯುವ ಭದ್ರತಾ ವ್ಯವಸ್ಥೆ) ತಡೆಯುತ್ತಿದೆಯೇ ನೋಡಿ.

ಉಬುಂಟು 22.04 ಡೆಸ್ಕ್‌ಟಾಪ್ ತಾನಾಗಿಯೇ ಕರ್ನಲ್ 5.15ರಿಂದ 6.8ರವರೆಗೆ ಏರುತ್ತಾ ಬಂದಿದೆ. ಹಳೆ ಕಾರ್ಡಿನವರಿಗೆ ಆ ಏರಿಕೆ ಬೇಡ. ‘ಲಿನಕ್ಸ್-ಜೆನೆರಿಕ್’ (linux-generic) ಪ್ಯಾಕೇಜ್ ಹಾಕಿ, 5.15ರಲ್ಲಿ ಬೂಟ್ ಮಾಡಿ, ಆಮೇಲೆ ಹೊಸ ಕರ್ನಲ್ ತರುವ ಎಚ್‌ಡಬ್ಲ್ಯುಇ (HWE) ಪ್ಯಾಕೇಜನ್ನೂ 6ರ ಸಾಲಿನ ಕರ್ನಲ್‌ಗಳನ್ನೂ ತೆಗೆಯಿರಿ. ಅವು ಉಳಿದರೆ ಗ್ರಬ್ ದೊಡ್ಡ ನಂಬರನ್ನೇ ಹಿಡಿಯುತ್ತದೆ. ಬರೀ ಟೈಪಿಂಗ್, ಬ್ರೌಸಿಂಗ್‌ಗಾದರೆ ಎನ್‌ವಿಡಿಯಾ ಪ್ಯಾಕೇಜ್‌ಗಳನ್ನೇ ತೆಗೆದು, ಕರ್ನಲ್‌ನಲ್ಲೇ ಇರುವ ನೂವೋ (nouveau) ಡ್ರೈವರ್ ಬಳಸಬಹುದು. ವೇಗ ಕಡಿಮೆ, ತಲೆನೋವೂ ಕಡಿಮೆ.

ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಬಿಡುಗಡೆ ಮಾಡಿದ್ದು ನಿಜ. ಆದರೆ ಅದು ಟ್ಯೂರಿಂಗ್ (2018ರ ತಲೆಮಾರು) ಮತ್ತು ನಂತರದ ಕಾರ್ಡುಗಳಿಗೆ ಮಾತ್ರ. ಹೊಸದಾಗಿ ಕೊಳ್ಳುವ ಶಾಲೆ, ಗ್ರಂಥಾಲಯಗಳು ಕೊಟೇಶನ್ ಕೇಳುವಾಗಲೇ ‘ಕರ್ನಲ್‌ನಲ್ಲೇ ಡ್ರೈವರ್ ಇರುವ ಇಂಟೆಲ್ ಅಥವಾ ಎಎಮ್‌ಡಿ ಗ್ರಾಫಿಕ್ಸ್’ ಎಂದು ಬರೆಯಲಿ.

– ಕಂಪ್ಯೂಟರ್ ತಂತ್ರಜ್ಞರು, ಬದಿಯಡ್ಕ, ಕಾಸರಗೋಡು