ಅಪ್ಪಂಗೆ ಕೇಳ್ಸುತ್ತೆ ಕಣಣ್ಣ, ಮಾತು ಬಿಡಿಸಿ ತಿಳಿಯಲ್ಲ

ಮ್ಯಾಂಚೆಸ್ಟರ್
ಭಾನುವಾರ ರಾತ್ರಿ

ಅಣ್ಣಾ,

ಎಲ್ರೂ ಆರಾಮಾಗಿದೀರ ಅನ್ಕೊಂಡಿದೀನಿ, ನಾವಿಲ್ಲಿ ಚೆನ್ನಾಗಿದೀವಿ. ಮೊನ್ನೆ ಫೋನಲ್ಲಿ ನೀನು ಸಿಟ್ಟು ಮಾಡ್ಕೊಂಡು ಹೇಳಿದ್ದೆಲ್ಲ ಮನಸ್ಸಲ್ಲೇ ಓಡ್ತಿದೆ, ಅಪ್ಪ ಬೇಕು ಅಂತಾನೇ ಹಂಗ್ ಮಾಡ್ತಾರೆ, ದುಡ್ಡಿನ ವಿಷಯ ಆದ್ರೆ ಕೇಳ್ಸುತ್ತೆ ಕೆಲಸ ಹೇಳಿದ್ರೆ ಕೇಳ್ಸಲ್ಲ ಅಂದೆ. ಅತ್ತಿಗೆನೂ ಪಾಪ, ಸೊಪ್ಪು ತನ್ನಿ ಮಾವ ಅಂದ್ರೆ ಉಪ್ಪು ತಂದಿಟ್ರು ಅಂತ ಬೇಜಾರು ಮಾಡ್ಕೊಂಡ್ರು. ಪಕ್ಕದಲ್ಲೇ ಮಗ್ಗ ಓಡ್ತಿತ್ತು, ನಾನು ಹೇಳಿದ್ದು ನಿಂಗೆ ಅರ್ಧಂಬರ್ಧ ಕೇಳ್ಸ್ತು, ಅದಕ್ಕೆ ಕೂತ್ಕೊಂಡು ಬರೀತಿದೀನಿ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದು.

ಆ ಸೊಪ್ಪು ಉಪ್ಪಿನ ವಿಷಯದಲ್ಲೇ ಎಲ್ಲ ಇದೆ ಅಣ್ಣ. ಮಾತಲ್ಲಿ ಅ, ಒ, ಉ ಥರದ ಸ್ವರಗಳು ದಪ್ಪ ಸದ್ದು, ಜೋರಾಗೂ ಇರುತ್ತೆ. ಸ, ಶ, ಚ, ತ, ಕ ಇವೆಲ್ಲ ಸಣ್ಣ ಸದ್ದು, ಮೇಲಿನ ಫ್ರೀಕ್ವೆನ್ಸಿಲಿರ್ತವೆ, ಶಕ್ತಿನೂ ಕಮ್ಮಿ. ಅಪ್ಪನ ಥರ ಮಗ್ಗದ ಸದ್ದಿಗೆ ಕಿವಿ ಹೋದಾಗ ಮೊದಲು ಹೋಗೋದು ಆ ಮೇಲಿನ ಭಾಗನೇ, ಸುಮಾರು 4000 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 4000 ಸಲ ಕಂಪಿಸೋ ಸದ್ದಿನ ಅಕ್ಕಪಕ್ಕ. ಹಂಗಾಗಿ 'ಸೊಪ್ಪು' ಅಂದಾಗ ಅಪ್ಪಂಗೆ 'ಸ' ತಲುಪೋದೇ ಇಲ್ಲ, ಮಿಕ್ಕಿದ್ದು 'ಒಪ್ಪು', ಅದನ್ನ ತಲೆ ತಾನೇ ಉಪ್ಪು ಅಂತ ತುಂಬ್ಕೊಳುತ್ತೆ. ಯಾರೋ ಮಾತಾಡಿದ್ದು ಗೊತ್ತಾಗುತ್ತೆ, ಏನಂದ್ರು ಅಂತ ಬಿಡಿಸಿ ತಿಳಿಯಲ್ಲ. ನಿನ್ನ ದಪ್ಪ ಗಂಟಲು ಒಂದಷ್ಟು ಅರ್ಥ ಆಗುತ್ತೆ, ಪಾಪುನ ಸಣ್ಣ ಗಂಟಲು ಆಗಲ್ಲ. ದುಡ್ಡಿನ ಮಾತು ಬಂದಾಗ ನೀನು ಎದುರು ಕೂತು ಮುಖ ನೋಡಿ ಮಾತಾಡ್ತೀಯ, ತುಟಿ ನೋಡ್ತಾರೆ, ವಿಷಯನೂ ಮೊದಲೇ ಗೊತ್ತಿರುತ್ತೆ, ಅದಕ್ಕೆ ಕೇಳ್ಸುತ್ತೆ. ಕೆಲಸ ಹೇಳೋವಾಗ ಮಗ್ಗದ ನೂಲು ಸುತ್ತಿರೋ ಬೀಮ್ ಹತ್ರ ಬಗ್ಗಿಕೊಂಡು ಬೆನ್ನು ತಿರುಗಿಸಿ ಹೇಳ್ತೀಯ. ಇದ್ರಲ್ಲಿ ಅಪ್ಪನ ನಾಟಕ ಏನೂ ಇಲ್ಲ.

ಇನ್ನೊಂದು, ಜೋರಾಗಿ ಹೇಳಿದ್ರೆ ಯಾಕೋ ಕಿರಚ್ತೀಯ ಅಂತ ನನ್ನ ಮೇಲೇ ರೇಗ್ತಾರೆ ಅಂದ್ಯಲ್ಲ. ಈ ಥರ ಕಿವಿಗೆ ಮೆಲ್ಲಗಿನ ಸದ್ದು ಕೇಳ್ಸಲ್ಲ, ಜೋರು ಸದ್ದು ಮಾತ್ರ ನಮಗೆ ಎಷ್ಟು ಜೋರೋ ಅಷ್ಟೇ ಜೋರಾಗಿ ಹೊಡಿಯುತ್ತೆ, ನಡುವಿನ ಜಾಗ ಕಿರಿದಾಗಿ ಹೋಗಿರುತ್ತೆ. ಸ್ವಲ್ಪ ದನಿ ಏರಿಸಿದ್ರೂ ಕಿರಚಿದಂಗೆ ಆಗುತ್ತೆ, ಅದೂ ಕಿರಚಿದಾಗ ಸ್ವರ ಜೋರಾಗುತ್ತೇ ಹೊರತು 'ಸ' ಅಷ್ಟಾಗಿ ಏರಲ್ಲ. ಹತ್ರ ಬಂದು, ಮುಖ ಬೆಳಕಿಗೆ ಹಿಡಿದು, ನಿಧಾನಕ್ಕೆ ಹೇಳು ಸಾಕು. ಅರ್ಥ ಆಗ್ಲಿಲ್ಲ ಅಂದ್ರೆ ಅದೇ ಮಾತನ್ನ ಮತ್ತೆ ಮತ್ತೆ ಹೇಳ್ಬೇಡ, ಬೇರೆ ಮಾತಲ್ಲಿ ಹೇಳು, "ಪಾಲಕ್, ದಂಟು ತನ್ನಿ" ಅಂದ್ರೆ ಉಪ್ಪು ಬರಲ್ಲ. ಟಿವಿ, ಮಿಕ್ಸಿ ಓಡ್ತಿರೋವಾಗ ಮುಖ್ಯವಾದ ಮಾತು ಎತ್ತಲೇಬೇಡಿ. "ಹೋಗ್ಲಿ ಬಿಡಿ, ಏನಿಲ್ಲ" ಅಂತ ಮಾತ್ರ ದಯವಿಟ್ಟು ಯಾರೂ ಅನ್ಬೇಡಿ ಅಣ್ಣ. ಇಲ್ಲಿ ನಾನು ಕಿವಿ ಪರೀಕ್ಷೆ ಮಾಡೋ ಆಸ್ಪತ್ರೆಗೆ ಬರೋ ವಯಸ್ಸಾದವರು ಅತ್ತುಬಿಡೋದು ಆ ಮಾತು ನೆನೆಸ್ಕೊಂಡೇ.

ನಾನಿರೋ ಊರಿನ ಸುತ್ತ ಮುತ್ತ ಒಂದು ಕಾಲದಲ್ಲಿ ಹತ್ತಿ ಗಿರಣಿಗಳೇ ಅಂತ ನಿಂಗೆ ಹೇಳಿದ್ದೆ. ಬರ್ನ್ಲಿ ಅನ್ನೋ ಊರಲ್ಲಿ ಕ್ವೀನ್ ಸ್ಟ್ರೀಟ್ ಮಿಲ್ ಅಂತ ಒಂದಿದೆ, 1890ರ ದಶಕದ್ದು, ಈಗ ಮ್ಯೂಸಿಯಂ. ಒಂದೇ ಹಾಲಲ್ಲಿ ಸಾಲುಸಾಲು ಮಗ್ಗ, ಅದೇ ಲಾಳಿ, ಅದೇ ಬೆಲ್ಟು, ನೋಡಿದ್ರೆ ನಮ್ಮ ಶೆಡ್ಡಿನ ಅಜ್ಜ ಅನ್ಸುತ್ತೆ. ಈ ಕಡೆ ನೇಕಾರ ಹೆಂಗಸರು ಸದ್ದಲ್ಲಿ ಮಾತು ಕೇಳದೆ ತುಟಿನ ದೊಡ್ಡದಾಗಿ ಆಡಿಸಿ ಕೈ ಸನ್ನೆ ಸೇರಿಸಿ ಮಾತಾಡೋರಂತೆ, ಮೀ-ಮಾ ಅಂತ ಅದಕ್ಕೊಂದು ಹೆಸರೇ ಬಿದ್ದುಹೋಗಿತ್ತು, ಮನೆಗೆ ಹೋದ್ಮೇಲೂ ಹಂಗೇ ಮಾತಾಡೋರು. ಅವರ ಕಿವಿ ಹೋಗುತ್ತೆ ಅಂತ ಎಲ್ರಿಗೂ ಗೊತ್ತಿತ್ತು, ಕೆಲಸ ಅಂದ್ಮೇಲೆ ಇದ್ದಿದ್ದೇ ಅಂತ ಸುಮ್ಮನಿದ್ರು. 1965ರಲ್ಲಿ ಸ್ಕಾಟ್ಲೆಂಡಿನ ಡಂಡೀಲಿ ಸೆಣಬು ನೇಯೋ ಹೆಂಗಸರ ಕಿವಿ ಪರೀಕ್ಷೆ ಮಾಡಿದ ಒಂದು ಅಧ್ಯಯನ ಬಂತು, ಅದನ್ನ ಇವತ್ತಿಗೂ ನಮ್ಮ ಫೀಲ್ಡಲ್ಲಿ ಓದ್ತೀವಿ. ಮೇಲಿನ ಫ್ರೀಕ್ವೆನ್ಸಿಲಿ ಹಾನಿ ಬಹುಪಾಲು ಮೊದಲ ಹತ್ತು ಹದಿನೈದು ವರ್ಷದಲ್ಲೇ ಆಗೋಗುತ್ತೆ, ಮಾತಿಗೆ ಬೇಕಾದ ಜಾಗಕ್ಕೆ ನಿಧಾನವಾಗಿ ಆಮೇಲೆ ಬರುತ್ತೆ. ಅಂದ್ರೆ ಮನುಷ್ಯಂಗೆ "ನಂಗೆ ಕೇಳ್ಸ್ತಿಲ್ಲ" ಅಂತ ಅನ್ಸೋ ಹೊತ್ತಿಗೆ ಕಿವಿ ಯಾವತ್ತೋ ಹೋಗಿರುತ್ತೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ, ಬೈಬೇಡ. ನೀನು ಮಗ್ಗಕ್ಕೆ ನಿಂತು ಹದಿನೈದು ವರ್ಷ ದಾಟ್ತು. ನಂಗೆ ಅಭ್ಯಾಸ ಆಗೋಗಿದೆ ಸದ್ದೇ ಅನ್ಸಲ್ಲ ಅಂತೀಯಲ್ಲ, ಕಿವಿಗೆ ಅಭ್ಯಾಸ ಅಂತ ಒಂದಿಲ್ಲ ಅಣ್ಣ. ರಾತ್ರಿ ಮಗ್ಗ ನಿಲ್ಲಿಸಿದ್ಮೇಲೆ ಕಿವಿ ಮಂದ ಆಗಿ ಒಳಗೆ ಗುಂಯ್ ಅನ್ನುತ್ತಾ? ಬೆಳಿಗ್ಗೆ ಹೊತ್ತಿಗೆ ಸರಿ ಹೋಗುತ್ತಾ? ಹೌದು ಅಂದ್ರೆ ದಿನಾ ಏಟು ಬೀಳ್ತಿದೆ ಅಂತ. ಒಳಗಿವಿಲಿ ಸುರುಳಿ ಸುತ್ತಿರೋ ಕಾಕ್ಲಿಯಾ ಅಂತಿದೆ, ಅದ್ರಲ್ಲಿ ಹುಟ್ಟುವಾಗಲೇ ಬಂದಿರೋ ಕೂದಲಿನಂಥ ಜೀವಕೋಶ ಒಂದೊಂದು ಕಿವಿಗೆ ಸುಮಾರು 15,000, ಅಷ್ಟೇ ನಮ್ಮ ಬಂಡವಾಳ. ಹಾಸಿನ ಎಳೆ ಕಡಿದ್ರೆ ಗಂಟು ಹಾಕಿ ಮಗ್ಗ ಓಡಿಸ್ತೀವಿ, ಇವು ಸತ್ರೆ ಗಂಟು ಹಾಕೋಕೆ ಬರಲ್ಲ, ಹೊಸದು ಹುಟ್ಟೋದೂ ಇಲ್ಲ.

ಲೆಕ್ಕ ಹೀಗಿದೆ. ಸದ್ದು ಎಷ್ಟು ಜೋರು ಅಂತ ಅಳೆಯೋದು ಡೆಸಿಬಲ್‌ಲಿ, 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಅಂತ ಒಂದು ಮಿತಿ. ಅಲ್ಲಿಂದ 3 ಡೆಸಿಬಲ್ ಏರಿದ್ರೆ ಸದ್ದಿನ ಶಕ್ತಿ ಎರಡರಷ್ಟು, ಟೈಮ್ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹಂಗೇ ಹೋಗಿ 100ಕ್ಕೆ ಬರೋ ಹೊತ್ತಿಗೆ ಬರೀ 15 ನಿಮಿಷ. ಲಾಳಿ ಮಗ್ಗದ ಶೆಡ್ಡಲ್ಲಿ 95ರ ಮೇಲೆ ಇರೋದು ಮಾಮೂಲಿ, ನೀನು ಹನ್ನೆರಡು ಗಂಟೆ ನಿಲ್ತೀಯ. ಇಲ್ಲಿ 2005ರ ಕಾನೂನು ಪ್ರಕಾರ 85 ದಾಟಿದ ಕಡೆ ಮಾಲೀಕ ಕಿವಿ ರಕ್ಷಣೆ ಕೊಟ್ಟು ಹಾಕಿಸಲೇಬೇಕು, 80 ದಾಟಿದ್ರೆ ಕೆಲಸಗಾರ ಕೇಳಿದ್ರೆ ಕೊಡ್ಬೇಕು. ನಮ್ಮಲ್ಲಿ ಮನೆ ಮುಂದಿನ ರೂಮಲ್ಲಿ ಓಡೋ ಎರಡು ನಾಲ್ಕು ಮಗ್ಗಕ್ಕೆ ಯಾವ ಇನ್ಸ್‌ಪೆಕ್ಟರ್ ಬರ್ತಾನೆ? ನಾವೇ ನೋಡ್ಕೋಬೇಕು.

ಕಿವಿಗೆ ಹತ್ತಿ ತುರುಕೋದು ಏನಕ್ಕೂ ಸಾಲಲ್ಲ. ಸೇಫ್ಟಿ ಸಾಮಾನಿನ ಅಂಗಡೀಲಿ ಫೋಮ್ ಇಯರ್ ಪ್ಲಗ್ ಸಿಗುತ್ತೆ, ದುಬಾರಿ ಅಲ್ಲ. ಹಾಕೋ ರೀತಿ ಮುಖ್ಯ: ಶುದ್ಧ ಕೈಲಿ ಪ್ಲಗ್ಗನ್ನ ಸಣ್ಣಗೆ ಹೊಸೆದು, ಇನ್ನೊಂದು ಕೈನ ತಲೆ ಹಿಂದಿನಿಂದ ತಂದು ಕಿವೀನ ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಅದು ಉಬ್ಬೋವರೆಗೂ ಬೆರಳಲ್ಲಿ ಒತ್ತಿ ಹಿಡ್ಕೋಬೇಕು. ಹೊರಗೆ ಅರ್ಧ ನೇತಾಡ್ತಿದ್ರೆ ಹಾಕಿಲ್ಲ ಅಂತಾನೇ ಲೆಕ್ಕ. ಸರಿಯಾಗಿ ಕೂತ್ರೆ ಸುಮಾರು 20 ಡೆಸಿಬಲ್ ಇಳಿಯುತ್ತೆ. ಎಳೆ ಕಡಿದಿದ್ದು, ಲಾಳಿ ಸಿಕ್ಕಿದ್ದು ಸದ್ದಲ್ಲೇ ಗೊತ್ತಾಗ್ಬೇಕಲ್ಲ ಅಂತೀಯ, ಗೊತ್ತು ನಂಗೆ. ಎಲ್ಲಾ ಸದ್ದೂ ಒಟ್ಟಿಗೆ ಇಳಿಯುತ್ತೆ, ಮಗ್ಗದ ಲಯ ತಪ್ಪಿದ್ದು ಆಗಲೂ ತಿಳಿಯುತ್ತೆ, ಮೊದಮೊದಲು ಕಿರಿಕಿರಿ ಅನ್ಸುತ್ತೆ ಅಷ್ಟೇ. ಸಡಿಲ ಆಗಿರೋ ಬೋಲ್ಟು ಬಿಗಿ ಮಾಡು, ಲಾಳಿಗೆ ಹೊಡೆಯೋ ಪಿಕ್ಕರ್ ಸವೆದಿದ್ರೆ ಬದಲಾಯ್ಸು, ಕಾಲಡಿಗೆ ರಬ್ಬರ್ ಪ್ಯಾಡ್ ಕೊಡು. ಅಮ್ಮ ಲಾಳಿಗೆ ನೂಲಿನ ಕಂಡಿಕೆ ಸುತ್ತೋ ಜಾಗನ ಹಿತ್ತಲ ಕಡೆ ಹಾಕು, ಅವರು ಆ ಮೂಲೇಲಿ ಕೂರೋದು ಬರೀ ಅಭ್ಯಾಸಕ್ಕೆ. ಪಾಪು ಮಲಗೋ ರೂಮಿಗೂ ಶೆಡ್ಡಿಗೂ ಮಧ್ಯೆ ಇರೋ ಬಾಗಿಲು ಸದಾ ಮುಚ್ಚಿರ್ಲಿ.

ಅಪ್ಪಂಗೆ ಮೊದಲು ಇಎನ್‌ಟಿ ಡಾಕ್ಟರಿಗೆ ತೋರ್ಸು, ಬರೀ ಗುಗ್ಗೆ ಕಟ್ಕೊಂಡಿದ್ರೂ ಅರ್ಧ ಕಿವುಡಾಗಿರುತ್ತೆ. ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಬಿಡೋದು, ಬಡ್ಸ್, ಹೇರ್‌ಪಿನ್ ಯಾವ್ದೂ ಬೇಡ, ಅಮ್ಮಂಗೆ ಇದನ್ನ ಒತ್ತಿ ಹೇಳು. ಆಮೇಲೆ ಆಡಿಯೋಗ್ರಾಮ್ ಮಾಡ್ಸು, ಯಾವ ಸದ್ದು ಎಷ್ಟು ಕೇಳ್ಸುತ್ತೆ ಅಂತ ತೋರಿಸೋ ಪರೀಕ್ಷೆ ಅದು. ನಾನು ಓದಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರೀಲಿದೆ, 1965ರಿಂದ ಇದೇ ಕೆಲಸ ಅವರದು, ನನ್ನ ಕೇಳಿದ್ರೆ ಅಲ್ಲಿಗೇ ಕರ್ಕೊಂಡ್ ಹೋಗು. ದೂರ ಆಗುತ್ತೆ ಅಂದ್ರೆ ಬೆಂಗಳೂರಿನ ನಿಮ್ಹಾನ್ಸಲ್ಲೂ ವಾಕ್ ಶ್ರವಣ ವಿಭಾಗ ಇದೆ. ಹೊರಗಿನ ಸದ್ದು ಬರದ ರೂಮಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ ಸಣ್ಣ ಸದ್ದು ಕೇಳಿಸ್ತಾರೆ, ನೋವಿಲ್ಲ ಸೂಜಿಯಿಲ್ಲ. ಪೇಪರಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಎಡಗಿವಿ, ಫೋಟೋ ತೆಗೆದು ವಾಟ್ಸಾಪ್ ಮಾಡು, ನಾನು ನೋಡ್ತೀನಿ. ಅಮ್ಮಂದೂ ನಿಂದೂ ಅವತ್ತೇ ಮಾಡಿಸ್ಬಿಡಿ.

ನೀನು ಆನ್‌ಲೈನಲ್ಲಿ ತರಿಸಿದ ಕಿವಿ ಮಿಷಿನ್ನ ಅಪ್ಪ ಬೀರುಲಿಟ್ಟಿದ್ದಾರೆ ಅಂತ ಬೈಬೇಡ. ಅದು ಎಲ್ಲ ಸದ್ದನ್ನೂ ಒಂದೇ ಸಮ ಏರ್ಸುತ್ತೆ, ಪಾತ್ರೆ ಸದ್ದು ಕಿವಿಗೆ ಚುಚ್ಚುತ್ತೆ, 'ಸ' ಮಾತ್ರ ಸಿಗಲ್ಲ. ಸರಿಯಾದ ಹಿಯರಿಂಗ್ ಏಡ್ ಅಂದ್ರೆ ಅವರ ಆಡಿಯೋಗ್ರಾಮ್ ನೋಡಿ ಎಲ್ಲಿ ಎಷ್ಟು ಬೇಕೋ ಅಷ್ಟು ಸೆಟ್ ಮಾಡೋದು, ಎರಡು ಕಿವಿಗೂ. ಹಾಕಿದ ದಿನವೇ ಮೊದಲಿನಂಗೆ ಆಗ್ಬಿಡಲ್ಲ, ಮಿದುಳಿಗೆ ಹೊಂದ್ಕೊಳ್ಳೋಕೆ ವಾರಗಳೇ ಬೇಕು, ಮೊದಲು ಮನೇಲಿ ಒಬ್ಬಿಬ್ಬರ ಜೊತೆ ಹಾಕ್ಕೊಳ್ಲಿ. ದುಡ್ಡಿನ ಚಿಂತೆ ಬೇಡ, ನಾನು ಕಳಿಸ್ತೀನಿ. ಕಮ್ಮಿ ಆದಾಯದವರಿಗೆ ಅಂಗವಿಕಲರಿಗೆ ಸಾಧನ ಕೊಡೋ ಸರ್ಕಾರದ ಎಡಿಪ್ ಯೋಜನೇಲೂ ಕೊಡ್ತಾರೆ, ನಮ್ಮ ಬೀದಿಲಿ ಅಪ್ಪನ ಜೊತೆಗಾರರು ಎಷ್ಟೋ ಜನ ಇದಾರಲ್ಲ, ಅವರಿಗೆ ಹೇಳು. ಇಷ್ಟು ಒತ್ತಾಯ ಮಾಡೋದಕ್ಕೆ ಕಾರಣನೂ ಇದೆ. ಕೇಳದೇ ಇರೋರು ಮೆಲ್ಲಗೆ ಮಾತು ಬಿಡ್ತಾರೆ, ಮದುವೆ ಮುಂಜಿ ಬಿಡ್ತಾರೆ, ಮೂಲೆ ಹಿಡೀತಾರೆ. ಮರೆವಿನ ಕಾಯಿಲೆಗೆ ನಾವು ತಪ್ಪಿಸ್ಬಹುದಾದ ಕಾರಣಗಳ ಪಟ್ಟೀಲೂ ಕಿವಿ ಕೇಳದೇ ಇರೋದು ಇದೆ. ಅಪ್ಪ ಕಟ್ಟೆಗೆ ಹೋಗೋದು ನಿಲ್ಸಿದ್ದಾರೆ ಅಂತ ಅಮ್ಮ ಹೇಳಿದ್ದು ನಂಗೆ ನಿದ್ದೆ ಕೆಡಿಸಿದೆ.

ಇದೊಂದು ನೆನಪಿಟ್ಕೊ: ಯಾರಿಗಾದ್ರೂ ಒಂದು ಕಿವಿ ಇದ್ದಕ್ಕಿದ್ದಂಗೆ, ಬೆಳಗಾಗೋದ್ರಲ್ಲಿ ಕೇಳದಂಗಾದ್ರೆ ನಾಳೆ ನಾಡಿದ್ದು ಅನ್ಬೇಡಿ, ಅವತ್ತೇ ಇಎನ್‌ಟಿ ಹತ್ರ ಹೋಗಿ. ಬೇಗ ಔಷಧಿ ಶುರು ಮಾಡಿದ್ರೆ ಕಿವಿ ವಾಪಸ್ ಬರೋ ಸಾಧ್ಯತೆ ಇರುತ್ತೆ.

ಇನ್ಮೇಲೆ ನಂಗೆ ಮಾಮೂಲಿ ಕಾಲ್ ಬೇಡ, ವಿಡಿಯೋ ಕಾಲೇ ಮಾಡು, ಫೋನನ್ನ ಅಪ್ಪನ ಎದುರು ಲೋಟಕ್ಕೆ ಒರಗಿಸಿಡು, ನನ್ನ ತುಟಿ ಕಾಣ್ಲಿ. ಮಗ್ಗದ ಹುಡುಗ್ರನ್ನೂ ಸೇರಿಸಿ ಕಿವಿ ಪೂರ್ತಿ ಮುಚ್ಚೋ ಇಯರ್ ಮಫ್ ಎಷ್ಟು ಬೇಕು ಅಂತ ಬರಿ, ಇಲ್ಲಿಂದ ಒಬ್ಬರು ಮುಂದಿನ ತಿಂಗಳು ಬೆಂಗಳೂರಿಗೆ ಬರ್ತಿದಾರೆ, ಅವರ ಕೈಲಿ ಕಳಿಸ್ತೀನಿ. ಮೈಸೂರಿಗೆ ಯಾವತ್ತು ಹೋಗ್ತೀರ ಅನ್ನೋದೂ ಅದ್ರಲ್ಲೇ ಬರಿ, ಅಲ್ಲಿರೋ ನನ್ನ ಗೆಳತಿಗೆ ಹೇಳಿಟ್ಟಿರ್ತೀನಿ.

ನಿನ್ನ ತಂಗಿ